ಕತ್ತಲ ಕೋಣೆ, ಹೆಡ್‌ಫೋನ್, ದಾಳ: ಆನ್‌ಲೈನ್ ಸೈ-ಫೈ ಹಾರರ್ ರೋಲ್‌ಪ್ಲೇ ಆಟ ಎಂದರೇನು, ನಡೆಸುವುದು ಹೇಗೆ, ಹೆದರಬೇಕೇ?

ರಾತ್ರಿ ಹತ್ತೂವರೆ. ಮಗನ ಕೋಣೆಯ ಬಾಗಿಲು ಮುಚ್ಚಿದೆ. ಒಳಗಿನಿಂದ ಮಾತು ಕೇಳಿಸುತ್ತಿದೆ: "ಆಕ್ಸಿಜನ್ ಇನ್ನು ಇಪ್ಪತ್ತು ನಿಮಿಷಕ್ಕಷ್ಟೇ ಇದೆ. ಅವಳನ್ನ ಒಳಗೆ ಬಿಟ್ಕೋಬೇಡ, ಅವಳಿಗೂ ಸೋಂಕು ತಗುಲಿದೆ!" ಹೊರಗೆ ನಿಂತ ಅಮ್ಮನ ಎದೆ ಧಸಕ್ಕೆನ್ನುತ್ತದೆ. ಬಾಗಿಲು ತೆರೆದರೆ ಮಗ ಹೆಡ್‌ಫೋನ್ ಹಾಕಿಕೊಂಡು, ಒಂದು ನೋಟ್‌ಬುಕ್ ಹಿಡಿದು, ನಗುತ್ತಾ ಕೂತಿದ್ದಾನೆ. "ಆಟ ಆಡ್ತಿದ್ದೀವಿ ಅಮ್ಮ" ಅನ್ನುತ್ತಾನೆ. ಪರದೆಯ ಮೇಲೆ ಗುಂಡು ಹಾರಿಸುವ ಚಿತ್ರವಿಲ್ಲ, ಓಡುವ ಕಾರಿಲ್ಲ. ನಾಲ್ಕು ಹೆಸರು, ಕೆಲವು ಸಂಖ್ಯೆ, ಅಷ್ಟೇ.

ಇದೇ ಹೊತ್ತಿಗೆ ಫ್ಯಾಮಿಲಿ ಗ್ರೂಪಿಗೆ, "ಆನ್‌ಲೈನ್‌ನಲ್ಲಿ ಭಯಾನಕ ಆಟ ಬಂದಿದೆ, ಆಡಿದ ಮಕ್ಕಳು ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಾರೆ, ಎಲ್ಲ ಪೋಷಕರಿಗೂ ಕಳುಹಿಸಿ" ಎಂಬ ಧಾಟಿಯ ಸಂದೇಶ ಬಂದರೆ ಆ ಅಮ್ಮ ಏನು ಮಾಡಬೇಕು? ಈ ಲೇಖನ ಅಂಥವರಿಗಾಗಿ. ಜೊತೆಗೆ, ಇಂಥ ಆಟವನ್ನು ಗೆಳೆಯರ ಜೊತೆ ತಾವೇ ನಡೆಸಬೇಕು ಎಂದುಕೊಂಡವರಿಗೂ.

ಸಂಕ್ಷಿಪ್ತವಾಗಿ:

- ಇದು ಮಾತಿನಲ್ಲಿ ಕಥೆ ಕಟ್ಟುವ ಆಟ. ಸಾಮಾನ್ಯ ವಿಡಿಯೊ ಗೇಮ್ ಅಲ್ಲ, ಜೂಜಲ್ಲ, 'ಚಾಲೆಂಜ್' ಕೂಡ ಅಲ್ಲ.
- ರೋಲ್‌ಪ್ಲೇ ಆಟಗಳಿಂದ ಮಕ್ಕಳು ಹುಚ್ಚರಾಗುತ್ತಾರೆ ಎಂಬ ವದಂತಿಗೆ ನಲವತ್ತು ವರ್ಷಕ್ಕೂ ಹೆಚ್ಚಿನ ಹಳೆಯ ಚರಿತ್ರೆ ಇದೆ. ಅದಕ್ಕೆ ಆಧಾರ ಸಿಕ್ಕಿಲ್ಲ.
- ಆದರೂ ಭಯ ಭಯವೇ. ಆನ್‌ಲೈನ್‌ನಲ್ಲಿ ಎದುರಿನವರ ಮುಖ ಕಾಣದ ಕಾರಣ, ಆಟ ನಡೆಸುವವರ ಜವಾಬ್ದಾರಿ ಹೆಚ್ಚು. ಅದನ್ನು ನಿಭಾಯಿಸುವ ಸರಳ ಕ್ರಮಗಳಿವೆ.

ಏನಿದು ಆಟ?

ಇದರ ಪೂರ್ತಿ ಹೆಸರು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಮೂರರಿಂದ ಐದು ಜನ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ಒಬ್ಬರು ಮಾತ್ರ ಆ ಪಾತ್ರಗಳ ಸುತ್ತಲಿನ ಲೋಕವನ್ನು ವರ್ಣಿಸುತ್ತಾರೆ. ಅವರಿಗೆ ಗೇಮ್ ಮಾಸ್ಟರ್ ಎನ್ನುತ್ತಾರೆ. ಈ ಲೇಖನದಲ್ಲಿ ಸೂತ್ರಧಾರ ಎನ್ನೋಣ. ಸೂತ್ರಧಾರರು ಸನ್ನಿವೇಶ ಹೇಳುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಫಲಿತಾಂಶ ಅನಿಶ್ಚಿತವಾದಾಗ ದಾಳ ಉರುಳಿಸುತ್ತಾರೆ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬರು ಕರ್ಣ, ಇನ್ನೊಬ್ಬರು ಕೃಷ್ಣ. ಅರ್ಥಧಾರಿಗಳ ಮಾತು ಆಶುವಾಗಿ ಬೆಳೆಯುತ್ತದೆ, ಪ್ರಸಂಗ ಹಳಿ ತಪ್ಪದಂತೆ ಭಾಗವತರು ನೋಡಿಕೊಳ್ಳುತ್ತಾರೆ. ದೊಡ್ಡ ವ್ಯತ್ಯಾಸ ಒಂದೇ: ಅಲ್ಲಿ ಕರ್ಣನ ಕೊನೆ ಏನೆಂದು ಎಲ್ಲರಿಗೂ ಗೊತ್ತು. ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಸೂತ್ರಧಾರರಿಗೂ.

ಈ ಬಗೆಯ ಮೊದಲ ಪ್ರಕಟಿತ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಬಂತು. ಎರಡೇ ವರ್ಷದಲ್ಲಿ, 1976ರಲ್ಲಿ, ಜೇಮ್ಸ್ ವಾರ್ಡ್ ಅವರ 'ಮೆಟಮಾರ್ಫಾಸಿಸ್ ಆಲ್ಫಾ' ಆಟವನ್ನು ದಾರಿ ತಪ್ಪಿದ ಬೃಹತ್ ಅಂತರಿಕ್ಷ ಹಡಗಿನೊಳಕ್ಕೆ ಒಯ್ದಿತು. 1981ರ 'ಕಾಲ್ ಆಫ್ ಕ್ತುಲು' ಭಯವನ್ನೇ ಆಟದ ಕೇಂದ್ರಕ್ಕೆ ತಂದಿತು. ಇವತ್ತು ಸೈ-ಫೈ ಹಾರರ್ ಎಂದರೆ ಹೆಚ್ಚಾಗಿ ಕೇಳಿಬರುವ ಹೆಸರು ಎರಡು: 2018ರಲ್ಲಿ ಶುರುವಾದ ಶಾನ್ ಮೆಕಾಯ್ ಅವರ 'ಮದರ್‌ಶಿಪ್', ಮತ್ತು ಸ್ವೀಡನ್ನಿನ ಫ್ರೀ ಲೀಗ್ ಸಂಸ್ಥೆ 2019ರಲ್ಲಿ ತಂದ 'ಏಲಿಯನ್'. ಎರಡನೆಯದು ರಿಡ್ಲಿ ಸ್ಕಾಟ್ 1979ರಲ್ಲಿ ನಿರ್ದೇಶಿಸಿದ ಅದೇ ಹೆಸರಿನ ಸಿನಿಮಾದಿಂದ ಶುರುವಾದ ಸರಣಿಯ ಲೋಕದಲ್ಲಿ ನಡೆಯುತ್ತದೆ.

ಆಡುವಾಗ ಏನು ನಡೆಯುತ್ತದೆ?

ಒಂದು ಕಾಲ್ಪನಿಕ ಉದಾಹರಣೆ ನೋಡಿ. ನಿಯಮ 'ಮದರ್‌ಶಿಪ್' ಆಟದ್ದು.

ಸೂತ್ರಧಾರ: ಕಾರಿಡಾರಿನ ಕೊನೇ ದೀಪ ಆರಿತು. ಈ ಹಡಗಲ್ಲಿ ಇರೋದು ನೀವು ಮೂರೇ ಜನ. ಮೂವರೂ ಇಲ್ಲೇ ನಿಂತಿದ್ದೀರಿ. ಬಾಗಿಲಿನ ಆಚೆ ಕಡೆಯಿಂದ ಯಾರೋ ತಟ್ತಾ ಇದ್ದಾರೆ.

ವಿಜ್ಞಾನಿ: ತೆಗೀಬೇಡ ಮಾರಾಯ.

ಮೆಕ್ಯಾನಿಕ್: ತೆಗೆಯಲ್ಲ. ಹೊರಗಿನ ಕ್ಯಾಮೆರಾ ಚಾಲೂ ಮಾಡೋಕೆ ನೋಡ್ತೀನಿ.

ಸೂತ್ರಧಾರ: ದಾಳ ಹಾಕು. ನಿನ್ನ ಬುದ್ಧಿಯ ಅಂಕ 35. ಅದಕ್ಕಿಂತ ಕಡಿಮೆ ಬಂದ್ರೆ ಗೆದ್ದೆ.

ಮೆಕ್ಯಾನಿಕ್: ಅಯ್ಯೋ, 71.

ಸೂತ್ರಧಾರ: ಕ್ಯಾಮೆರಾ ಚಾಲೂ ಆಯ್ತು. ಆದ್ರೆ ತೋರಿಸ್ತಿರೋದು ಬಾಗಿಲಿನ ಆಚೆ ಅಲ್ಲ, ನಿಮ್ಮ ಬೆನ್ನ ಹಿಂದಿನ ಕಾರಿಡಾರ್. ನಿನ್ನ ಒತ್ತಡ ಒಂದು ಅಂಕ ಏರಿಸ್ಕೋ.

ಇಲ್ಲಿ ಎರಡು ಸಂಗತಿ ಗಮನಿಸಿ. ದಾಳ ಕೈಕೊಟ್ಟಿತು, ಆದರೆ ಕಥೆ ನಿಲ್ಲಲಿಲ್ಲ. "ಕ್ಯಾಮೆರಾ ಕೆಲಸ ಮಾಡಲಿಲ್ಲ" ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸೋಲು ಹೊಸ ತೊಂದರೆಯನ್ನು ತರಬೇಕು. ಇದು ಸೂತ್ರಧಾರರು ಕಲಿಯಬೇಕಾದ ಮೊದಲ ಪಾಠ. ಎರಡನೆಯದು, ಆ ಕಾರಿಡಾರಿನಲ್ಲಿ ಏನಿದೆ ಎಂದು ಇನ್ನೂ ಯಾರಿಗೂ ಹೇಳಿಲ್ಲ.

ದಾಳ ಭಯ ಹುಟ್ಟಿಸುವುದು ಹೇಗೆ?

ಈ ಆಟಗಳಲ್ಲಿ ಭಯಕ್ಕೂ ಲೆಕ್ಕವಿದೆ. 'ಮದರ್‌ಶಿಪ್'ನಲ್ಲಿ ಪ್ರತಿ ಪಾತ್ರಕ್ಕೂ ಒತ್ತಡದ ಅಂಕ ಇರುತ್ತದೆ. ಶುರುವಿನಲ್ಲಿ ಅದು 2. ದಾಳದಲ್ಲಿ ಸೋತಾಗಲೆಲ್ಲ ಒಂದೊಂದು ಏರುತ್ತದೆ. ಏನಾದರೂ ಭೀಕರ ಘಟನೆ ನಡೆದಾಗ 20 ಮುಖದ ದಾಳ ಹಾಕಬೇಕು. ಬಂದ ಸಂಖ್ಯೆ ಒತ್ತಡದ ಅಂಕಕ್ಕೆ ಸಮ ಅಥವಾ ಅದಕ್ಕಿಂತ ಕಡಿಮೆಯಾದರೆ ಪಾತ್ರ ಗಾಬರಿಗೆ ಬೀಳುತ್ತದೆ. ಒತ್ತಡ 2 ಇದ್ದಾಗ ಗಾಬರಿಯ ಸಾಧ್ಯತೆ ಶೇ 10. ಒತ್ತಡ 8 ಆದಾಗ ಅದು ಶೇ 40. ಅಂದರೆ ಕಥೆ ಮುಂದುವರಿದಂತೆ, ಅದೇ ದಾಳ ಹೆಚ್ಚು ಹೆಚ್ಚು ಹೆದರಿಸುತ್ತದೆ.

'ಏಲಿಯನ್' ಆಟದ ಉಪಾಯ ಇನ್ನೂ ಚತುರ. ಅಲ್ಲಿ ಒತ್ತಡ ಹೆಚ್ಚಾದಷ್ಟೂ ಕೈಗೆ ಹೆಚ್ಚು ದಾಳ ಸಿಗುತ್ತವೆ, ಕೆಲಸ ಗೆಲ್ಲುವ ಅವಕಾಶವೂ ಹೆಚ್ಚುತ್ತದೆ. ಆದರೆ ಒತ್ತಡದ ದಾಳಗಳಲ್ಲಿ ಒಂದರಲ್ಲಾದರೂ 1 ಬಿದ್ದರೆ ಗಾಬರಿಯ ಪರೀಕ್ಷೆ. ಒಂದು ದಾಳವಿದ್ದಾಗ ಇದರ ಸಾಧ್ಯತೆ ಸುಮಾರು ಶೇ 17, ಮೂರಿದ್ದಾಗ ಶೇ 42, ಐದಿದ್ದಾಗ ಶೇ 60. ಪರೀಕ್ಷೆಯ ಹಿಂದಿನ ರಾತ್ರಿ ನೆನಪಿಸಿಕೊಳ್ಳಿ: ಸ್ವಲ್ಪ ಆತಂಕ ಓದಿಸುತ್ತದೆ, ಅದು ಮಿತಿಮೀರಿದರೆ ಓದಿದ್ದೂ ಮರೆಯುತ್ತದೆ. ಆಟ ಮಾಡುವುದು ಇದನ್ನೇ.

ಆನ್‌ಲೈನ್‌ನಲ್ಲಿ ಆಡಲು ಏನೇನು ಬೇಕು?

ನೀವು ಅಂದುಕೊಂಡಷ್ಟೇನೂ ಬೇಡ. ಒಂದು ಗ್ರೂಪ್ ಕಾಲ್, ಒಂದು ಚಾಟ್, ದಾಳ. ಮೂರೂ ಮೊಬೈಲಿನಲ್ಲೇ ಸಿಗುತ್ತವೆ.

ಮಾತಿಗೆ ಹೆಚ್ಚಿನವರು ಬಳಸುವುದು 2015ರಲ್ಲಿ ಬಂದ ಡಿಸ್ಕಾರ್ಡ್. ವಾಟ್ಸ್‌ಆ್ಯಪ್ ಗ್ರೂಪ್ ಕಾಲ್ ಕೂಡ ಸಾಕು. ನಕ್ಷೆ, ದಾಳ, ಪಾತ್ರದ ವಿವರ ಎಲ್ಲವನ್ನೂ ಒಂದೇ ಕಡೆ ತೋರಿಸಲು ರೋಲ್20, ಫೌಂಡ್ರಿ, ಔಲ್‌ಬೇರ್ ರೋಡಿಯೊ ಮುಂತಾದ 'ವರ್ಚುವಲ್ ಟೇಬಲ್'ಗಳಿವೆ. ಮೊದಲ ಸಲ ಆಡುವವರಿಗೆ ಇವು ಕಡ್ಡಾಯವಲ್ಲ. ಲ್ಯಾಪ್‌ಟಾಪ್ ಇಲ್ಲದ ಒಬ್ಬ ಗೆಳೆಯ ಇದ್ದರೂ, ಎಲ್ಲರೂ ಮೊಬೈಲಿನಲ್ಲಿ ತೆರೆಯಬಹುದಾದ ವ್ಯವಸ್ಥೆಯನ್ನೇ ಆರಿಸಿ.

ವಿಡಿಯೊ ಬೇಡ ಎನಿಸಿದರೆ ಬಿಡಿ. ಧ್ವನಿ ಕರೆಗೆ ವಿಡಿಯೊಗಿಂತ ಎಷ್ಟೋ ಕಡಿಮೆ ಡೇಟಾ ಸಾಕು. 'ಮದರ್‌ಶಿಪ್'ನ ಆಟಗಾರರ ನಿಯಮಪುಸ್ತಕದ ಡಿಜಿಟಲ್ ಪ್ರತಿ ಉಚಿತವಾಗಿ ಸಿಗುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಆದರೆ ಆಟ ನಿಮ್ಮ ಮಾತಿನಲ್ಲೇ ನಡೆಯಬಹುದು. ನಿಯಮ ಓದಿಕೊಳ್ಳಬೇಕಾದವರು ಮುಖ್ಯವಾಗಿ ಸೂತ್ರಧಾರರು.

ಮೊದಲ ಸಲಕ್ಕೆ ಒಂದೇ ರಾತ್ರಿಯಲ್ಲಿ ಮುಗಿಯುವ ಕಥೆ ಇರಲಿ. ಮೂರು ಗಂಟೆ ಮೀರದಿರಲಿ. ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು ಕೊಡಿ. ಪರದೆಯ ಮುಂದೆ ಕೂತು ಕಿವಿಗೊಡುವುದು, ಎದುರುಬದುರು ಕೂತು ಹರಟುವುದಕ್ಕಿಂತ ಬೇಗ ದಣಿಸುತ್ತದೆ.

ಕರೆಯಲ್ಲೇ ಭಯ ಕಟ್ಟುವುದು ಹೇಗೆ?

ಕಡಿಮೆ ತೋರಿಸಿ. 'ಏಲಿಯನ್' ಸಿನಿಮಾ ಸುಮಾರು ಎರಡು ಗಂಟೆಯದ್ದು. ಅದರಲ್ಲಿ ಆ ಜೀವಿ ತೆರೆಯ ಮೇಲೆ ಕಾಣುವುದು ಕೆಲವೇ ನಿಮಿಷ. ನೀವೂ ಅಂತರ್ಜಾಲದಿಂದ ವಿಕಾರ ಚಿತ್ರ ಹುಡುಕಿ ಕಳುಹಿಸಬೇಡಿ. "ಊಟದ ಮೇಜಿನ ಮೇಲೆ ನಾಲ್ಕು ತಟ್ಟೆ ಇವೆ, ಒಂದರ ಅನ್ನ ಇನ್ನೂ ಬಿಸಿಯಿದೆ" ಎಂಬ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಖಾಸಗಿ ಸಂದೇಶ ಬಳಸಿ. ಮೇಜಿನ ಸುತ್ತ ಕೂತಾಗ ಒಬ್ಬರಿಗೆ ಗುಟ್ಟು ಹೇಳಿದರೆ ಎಲ್ಲರಿಗೂ ಕಾಣುತ್ತದೆ. ಆನ್‌ಲೈನ್‌ನಲ್ಲಿ ಹಾಗಲ್ಲ. ಆಟ ನಡೆಯುತ್ತಿರುವಾಗಲೇ ಒಬ್ಬರಿಗಷ್ಟೇ, "ನಿನ್ನ ಕೈಯ ಗಾಯ ಮಾಯವಾಗಿದೆ. ಗುರುತೂ ಉಳಿದಿಲ್ಲ" ಎಂದು ಕಳುಹಿಸಿ. ಅವರು ಅದನ್ನು ಉಳಿದವರಿಗೆ ಹೇಳುತ್ತಾರೋ ಮುಚ್ಚಿಡುತ್ತಾರೋ ಎಂಬುದೇ ಮುಂದಿನ ಅರ್ಧ ಗಂಟೆಯ ಕಥೆ.

ನೆಟ್‌ವರ್ಕ್ ತೊಂದರೆಯನ್ನೂ ಕಥೆಗೆ ಸೇರಿಸಿ. ಒಬ್ಬರ ಧ್ವನಿ ಕಡಿದು ಕಡಿದು ಬಂದರೆ, ಅವರ ಹೆಲ್ಮೆಟ್ಟಿನ ರೇಡಿಯೊ ಕೆಟ್ಟಿದೆ ಎನ್ನಿ. ಕರೆಯೇ ಕಡಿದರೆ ಅವರ ಪಾತ್ರ ಗಾಳಿತಡೆ ಕೋಣೆಯಲ್ಲಿ ಸಿಕ್ಕಿಕೊಂಡಿದೆ. ಆದರೆ ಅವರು ಇಲ್ಲದಾಗ ಪಾತ್ರವನ್ನು ಸಾಯಿಸಬೇಡಿ. ಅದು ಅನ್ಯಾಯ.

ಸತ್ತವರಿಗೂ ಕೆಲಸ ಕೊಡಿ. ಇಂಥ ಕಥೆಗಳಲ್ಲಿ ಪಾತ್ರ ಸಾಯುವುದು ಸಾಮಾನ್ಯ. ಆದರೆ ಪಾತ್ರ ಸತ್ತ ಗೆಳೆಯ ಎರಡು ಗಂಟೆ ಮ್ಯೂಟ್‌ನಲ್ಲಿ ಕೂರಬಾರದು. ಹಡಗಿನ ಕಂಪ್ಯೂಟರ್, ನಿದ್ರಾಪೆಟ್ಟಿಗೆಯಿಂದ ಎದ್ದ ಸಿಬ್ಬಂದಿ, ಹೀಗೆ ಎರಡು ಪಾತ್ರ ಮೊದಲೇ ಸಿದ್ಧವಿರಲಿ.

ಭಯಕ್ಕೆ ನಿಜವಾದ ವಿಜ್ಞಾನವೇ ಸಾಕು

ಸಿನಿಮಾಗಳಲ್ಲಿ ಅಂತರಿಕ್ಷದ ನಿರ್ವಾತಕ್ಕೆ ಸಿಕ್ಕ ಮನುಷ್ಯ ಬಲೂನಿನಂತೆ ಸಿಡಿಯುವುದನ್ನು ನೋಡಿರುತ್ತೀರಿ. ಅದು ತಪ್ಪು. ಚರ್ಮ ಗಟ್ಟಿಯಾಗಿರುವುದರಿಂದ ದೇಹ ಊದುತ್ತದೆಯೇ ಹೊರತು ಸಿಡಿಯುವುದಿಲ್ಲ. ನಿಜವಾಗಿ ಆಗುವುದು ಬೇರೆ. 1960ರ ದಶಕದಲ್ಲಿ ನಾಸಾದ ಹ್ಯೂಸ್ಟನ್ ಕೇಂದ್ರದ ನಿರ್ವಾತ ಕೋಣೆಯಲ್ಲಿ ಅಂತರಿಕ್ಷ ಉಡುಪನ್ನು ಪರೀಕ್ಷಿಸುತ್ತಿದ್ದ ತಂತ್ರಜ್ಞರೊಬ್ಬರ ಕೊಳವೆ ಕಳಚಿಕೊಂಡಿತು. ಹದಿನೈದು ಸೆಕೆಂಡಿನೊಳಗೆ ಅವರಿಗೆ ಪ್ರಜ್ಞೆ ತಪ್ಪಿತು. ನಾಲಿಗೆಯ ಮೇಲಿನ ಎಂಜಲು ಕುದಿಯುತ್ತಿರುವ ಅನುಭವವೇ ಅವರ ಕೊನೆಯ ನೆನಪು. ಕೂಡಲೇ ಗಾಳಿ ತುಂಬಿದ್ದರಿಂದ ಬದುಕಿದರು. ಈ ಹದಿನೈದು ಸೆಕೆಂಡನ್ನು ಆಟದಲ್ಲಿ ಟೈಮರ್ ಇಟ್ಟು ಎಣಿಸಿ ನೋಡಿ.

ಇನ್ನೊಂದು: ಮುಚ್ಚಿದ ಹಡಗಿನಲ್ಲಿ ಆಮ್ಲಜನಕ ಮುಗಿಯುವ ಮೊದಲೇ ಉಸಿರಿನಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಕೊಲ್ಲಬಹುದು. 1970ರ ಏಪ್ರಿಲ್‌ನಲ್ಲಿ ಅಪೋಲೊ 13ರ ಮೂವರು ಗಗನಯಾತ್ರಿಗಳು ಎದುರಿಸಿದ ಸಮಸ್ಯೆಗಳಲ್ಲಿ ಇದೂ ಒಂದು. ಇಬ್ಬರಿಗಾಗಿ ಮಾಡಿದ ಚಂದ್ರನೌಕೆಯಲ್ಲಿ ಮೂವರು ಆಶ್ರಯ ಪಡೆದಿದ್ದರು. ಗಾಳಿ ಶುದ್ಧ ಮಾಡುವ ಡಬ್ಬಿಗಳು ಒಂದು ನೌಕೆಯಲ್ಲಿ ಚೌಕ, ಇನ್ನೊಂದರಲ್ಲಿ ಗುಂಡಗೆ. ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿ ಸೇರಿಸಿ ಅವುಗಳನ್ನು ಜೋಡಿಸಿದರು. ರಾಕ್ಷಸ ಇಲ್ಲದೆಯೂ ಇದಕ್ಕಿಂತ ಒಳ್ಳೆಯ ಕಥೆ ಬೇಕೇ?

ಮೂರನೆಯದು ದೂರ. ಭೂಮಿಯಿಂದ ಮಂಗಳಕ್ಕೆ ರೇಡಿಯೊ ಸಂಕೇತ ತಲುಪಲು 3ರಿಂದ 22 ನಿಮಿಷ ಬೇಕು. "ಕಾಪಾಡಿ" ಎಂದರೆ ಉತ್ತರ ಬರಲು ಅದರ ಎರಡರಷ್ಟು. ನಿಮ್ಮ ಆಟಗಾರರು ಸಹಾಯ ಕೇಳಲಿ. ಗಡಿಯಾರ ನೋಡಿ ನಲವತ್ತು ನಿಮಿಷದ ಮೇಲೆ ಉತ್ತರ ಕೊಡಿ.

ಭಯದ ಸ್ವಿಚ್ ಯಾರ ಕೈಯಲ್ಲಿ?

ಇದು ಈ ಲೇಖನದ ಮುಖ್ಯ ಭಾಗ. ಆಟ ನಡೆಸಲು ಹೊರಟವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ನಾನು ಆನ್‌ಲೈನ್‌ನಲ್ಲಿ ಆಟ ನಡೆಸಲು ಶುರು ಮಾಡಿದ ದಿನಗಳಲ್ಲಿ, ಒಂದು ರಾತ್ರಿ ಕಥೆ ಅಂತರಿಕ್ಷ ನಿಲ್ದಾಣದ ಆಸ್ಪತ್ರೆ ವಾರ್ಡಿಗೆ ಬಂತು. ವೆಂಟಿಲೇಟರಿನ ಶಬ್ದವನ್ನು ನಾನೇ ಬಾಯಿಂದ ಮಾಡಿದೆ. ಎಲ್ಲರೂ ಮೌನ. ಕಥೆ ಚೆನ್ನಾಗಿ ಹಿಡಿದಿದೆ ಅಂದುಕೊಂಡು ಇನ್ನೂ ಬೆಳೆಸಿದೆ. ಹತ್ತು ನಿಮಿಷದ ಮೇಲೆ ಗೊತ್ತಾಯಿತು, ಒಬ್ಬ ಗೆಳೆಯ ಮೈಕ್ ಆರಿಸಿ ಹೊರಗೆ ಹೋಗಿದ್ದ. ಕೋವಿಡ್ ಕಾಲದಲ್ಲಿ ಅವನು ತಂದೆಯನ್ನು ಕಳೆದುಕೊಂಡದ್ದು ವೆಂಟಿಲೇಟರಿನ ಮೇಲೇ. ಅದು ನನಗೆ ಗೊತ್ತಿತ್ತು. ಆಟದ ಭರದಲ್ಲಿ ನೆನಪಾಗಲಿಲ್ಲ. ಮುಖ ಎದುರಿಗೆ ಇದ್ದಿದ್ದರೆ ಮೊದಲ ಉಸಿರಿಗೇ ನಿಲ್ಲಿಸುತ್ತಿದ್ದೆ. ಕರೆಯಲ್ಲಿ ಮೌನ ಎಂದರೆ ತನ್ಮಯತೆಯೂ ಇರಬಹುದು, ಅಳುವೂ ಇರಬಹುದು. ವ್ಯತ್ಯಾಸ ಕೇಳಿಸುವುದಿಲ್ಲ.

ಇಂಥದ್ದನ್ನು ತಪ್ಪಿಸಲು ರೋಲ್‌ಪ್ಲೇ ಆಡುವವರು ವರ್ಷಗಳಿಂದ ಕೆಲವು ಕ್ರಮ ರೂಢಿಸಿಕೊಂಡಿದ್ದಾರೆ. ಮೂರನ್ನು ಕಲಿತರೆ ಸಾಕು.

1. ಆಟಕ್ಕೆ ಮೊದಲೊಂದು ಮಾತುಕತೆ. ಇದಕ್ಕೆ 'ಸೆಷನ್ ಝೀರೋ' ಎನ್ನುತ್ತಾರೆ. ಯಾವ ಬಗೆಯ ಕಥೆ, ಎಷ್ಟು ಭೀಕರ, ಪಾತ್ರ ಸಾಯಬಹುದೇ, ಎಷ್ಟು ಹೊತ್ತಿಗೆ ಮುಗಿಸಬೇಕು, ಎಲ್ಲವೂ ಮೊದಲೇ ಮಾತಾಡಿಕೊಳ್ಳಿ. ಮನೆಯಲ್ಲಿ ಬೇರೆಯವರು ಮಲಗಿರುತ್ತಾರೆಯೇ ಎಂಬುದನ್ನೂ ಕೇಳಿ.

2. ಗೆರೆ ಮತ್ತು ಪರದೆ. ರಾನ್ ಎಡ್ವರ್ಡ್ಸ್ ಎಂಬ ಆಟ ವಿನ್ಯಾಸಕಾರರು ಪರಿಚಯಿಸಿದ ಕ್ರಮ ಇದು. 'ಗೆರೆ' ಎಂದರೆ ಕಥೆಯಲ್ಲಿ ಬರಲೇಬಾರದ ವಿಷಯ. ಮಕ್ಕಳಿಗೆ ಹಿಂಸೆ, ಲೈಂಗಿಕ ದೌರ್ಜನ್ಯ, ಆತ್ಮಹತ್ಯೆ ಎಂದು ಯಾರಾದರೂ ಬರೆದರೆ ಅವು ಬರುವಂತಿಲ್ಲ. 'ಪರದೆ' ಎಂದರೆ ಕಥೆಯಲ್ಲಿ ಇರಬಹುದು, ಆದರೆ ವರ್ಣನೆ ಬೇಡ. ಶಸ್ತ್ರಚಿಕಿತ್ಸೆ ನಡೆಯಿತು ಎಂದು ಹೇಳಿ ಮುಂದೆ ಹೋಗುವುದು. ಎಲ್ಲರ ಎದುರು ಹೇಳಲು ಸಂಕೋಚವಿರುತ್ತದೆ, ಹಾಗಾಗಿ ಹೆಸರು ಕಾಣದ ಆನ್‌ಲೈನ್ ಫಾರ್ಮ್‌ನಲ್ಲಿ ಬರೆಸಿಕೊಳ್ಳಿ. ಕಾರಣ ಕೇಳಬೇಡಿ.

3. ಎಕ್ಸ್ ಕಾರ್ಡ್. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಉಪಾಯ. ಮೇಜಿನ ಮೇಲೆ 'X' ಬರೆದ ಚೀಟಿ ಇರುತ್ತದೆ. ಯಾರೇ ಅದನ್ನು ಮುಟ್ಟಿದರೂ ಆ ದೃಶ್ಯ ಅಲ್ಲಿಗೇ ನಿಲ್ಲುತ್ತದೆ. ವಿವರಣೆ ಕೊಡಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಚಾಟ್‌ಗೆ ಒಂದು 'X' ಹಾಕಿದರೆ, ಅಥವಾ ಸೂತ್ರಧಾರರಿಗೆ ಖಾಸಗಿಯಾಗಿ ಕಳುಹಿಸಿದರೆ ಸಾಕು. ಸೂತ್ರಧಾರರು ಚಾಟ್ ಮೇಲೆ ಸದಾ ಕಣ್ಣಿಟ್ಟಿರಬೇಕು. ಆಗದಿದ್ದರೆ ಆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬೇಕು.

ಜೊತೆಗೆ, ಆಟ ಮುಗಿದ ಕೂಡಲೇ ಕರೆ ಕಡಿಯಬೇಡಿ. ಮೇಜಿನ ಸುತ್ತ ಆಡಿದವರು ಆಮೇಲೆ ಚಹಾ ಕುಡಿದು, ನಕ್ಕು, ಮನೆಗೆ ಹೋಗುತ್ತಾರೆ. ಆನ್‌ಲೈನ್‌ನಲ್ಲಿ ಕೆಂಪು ಗುಂಡಿ ಒತ್ತಿದರೆ ಕತ್ತಲ ಕೋಣೆಯಲ್ಲಿ ಒಬ್ಬರೇ. ಹದಿನೈದು ನಿಮಿಷ ಕ್ಯಾಮೆರಾ ಹಾಕಿ, ದೀಪ ಹಾಕಿ, ಸುಮ್ಮನೆ ಹರಟಿ.

ಹೀಗೆ ನಡೆಸಿದರೆ ಆಟ ಸಪ್ಪೆಯಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಜಾತ್ರೆಯ ದೊಡ್ಡ ತೊಟ್ಟಿಲಿನಲ್ಲಿ ಕೂತು ಕಿರುಚುವವರು ಕಂಬಿ ಗಟ್ಟಿಯಾಗಿದೆ ಎಂಬ ನಂಬಿಕೆಯಿಂದಲೇ ಕಿರುಚುತ್ತಾರೆ.

ಹರಿದಾಡುವ ನಂಬಿಕೆಗಳು, ನಿಜಾಂಶ

"ಇಂಥ ಆಟ ಆಡಿದರೆ ಹುಚ್ಚು ಹಿಡಿಯುತ್ತದೆ, ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ."

ಆಧಾರವಿಲ್ಲ. ಈ ವದಂತಿ ಹುಟ್ಟಿದ್ದು ಅಮೆರಿಕದಲ್ಲಿ. 1979ರಲ್ಲಿ ಮಿಶಿಗನ್‌ನ ವಿಶ್ವವಿದ್ಯಾಲಯವೊಂದರ 16 ವರ್ಷದ ವಿದ್ಯಾರ್ಥಿ ಕಾಣೆಯಾದ. ಅವನು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಿದ್ದ. ಆಟವನ್ನೇ ನಿಜವೆಂದು ನಂಬಿ ಕ್ಯಾಂಪಸ್ಸಿನ ಕೆಳಗಿನ ಉಗಿ ಸುರಂಗಗಳಲ್ಲಿ ಕಳೆದುಹೋಗಿರಬಹುದು ಎಂದು ಖಾಸಗಿ ಪತ್ತೇದಾರರೊಬ್ಬರು ಊಹಿಸಿದರು. ಊಹೆಯೇ ಸುದ್ದಿಯಾಯಿತು. ಸುಮಾರು ಒಂದು ತಿಂಗಳ ನಂತರ ಅವನು ಲೂಸಿಯಾನ ರಾಜ್ಯದಲ್ಲಿ ಸಿಕ್ಕ. ಅವನನ್ನು ಕಾಡುತ್ತಿದ್ದದ್ದು ಖಿನ್ನತೆ ಮತ್ತು ಓದಿನ ಒತ್ತಡ. ಆ ಸತ್ಯ ಜನರಿಗೆ ತಲುಪುವಷ್ಟರಲ್ಲಿ ವದಂತಿ ಬಹುದೂರ ಹೋಗಿತ್ತು. ಅಂಥದ್ದೇ ಕಥೆಯ ಕಾದಂಬರಿ, 1982ರಲ್ಲಿ ಅದರ ಟಿವಿ ಚಿತ್ರ ಬಂದವು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಅವರ ನೋವು ನಿಜ. ಅದಕ್ಕೆ ಅವರು ಕಂಡುಕೊಂಡ ಕಾರಣ ನಿಲ್ಲಲಿಲ್ಲ. 1990ರಲ್ಲಿ ಲೇಖಕ ಮೈಕೆಲ್ ಸ್ಟ್ಯಾಕ್‌ಪೋಲ್ ಆ ಸಂಘಟನೆಯ ವಾದಗಳನ್ನು ಒಂದೊಂದಾಗಿ ಪರಿಶೀಲಿಸಿ ದೋಷಗಳನ್ನು ತೋರಿಸಿದರು.

ಅವರ ಮುಖ್ಯ ವಾದ ಎಲ್ಲ ಫಾರ್ವರ್ಡ್‌ಗಳಿಗೂ ಅನ್ವಯಿಸುತ್ತದೆ. ಲಕ್ಷಾಂತರ ಜನ ಮಾಡುವ ಯಾವುದೇ ಕೆಲಸ ತೆಗೆದುಕೊಳ್ಳಿ: ಕ್ರಿಕೆಟ್, ಕಾಫಿ, ಟ್ಯೂಷನ್. ಅಷ್ಟು ಜನರಲ್ಲಿ ಕೆಲವರು ದುರದೃಷ್ಟವಶಾತ್ ಆತ್ಮಹತ್ಯೆ ಮಾಡಿಕೊಂಡಿರುತ್ತಾರೆ. ಅದರಿಂದ ಕಾಫಿಯೇ ಕಾರಣ ಎನ್ನಲಾಗದು. ಆಡದವರಿಗಿಂತ ಆಡುವವರಲ್ಲಿ ಪ್ರಮಾಣ ಹೆಚ್ಚೇ ಎಂದು ನೋಡಬೇಕು. ಸ್ಟ್ಯಾಕ್‌ಪೋಲ್ ಲೆಕ್ಕದಲ್ಲಿ, ಆಟಕ್ಕೆ ತಳಕು ಹಾಕಿದ ಪ್ರಕರಣಗಳು ಆ ವಯಸ್ಸಿನ ಅಷ್ಟು ಜನರಲ್ಲಿ ನಿರೀಕ್ಷಿಸಬಹುದಾದ ಸಂಖ್ಯೆಗಿಂತ ಕಡಿಮೆಯೇ ಇದ್ದವು.

"ಇದು ಬ್ಲೂ ವೇಲ್ ತರಹದ ಟಾಸ್ಕ್ ಆಟ."

ಅಲ್ಲ. ಇಲ್ಲಿ ಏನೇ ಮಾಡುವುದಿದ್ದರೂ ಪಾತ್ರ ಮಾಡುತ್ತದೆ, ಅದೂ ಮಾತಿನಲ್ಲಿ. ಆಟಗಾರರ ಮೈಮೇಲೆ, ಮನೆಯಲ್ಲಿ, ಬೀದಿಯಲ್ಲಿ ಏನನ್ನೂ ಮಾಡುವಂತಿಲ್ಲ. ಯಾರಾದರೂ ಹಾಗೆ ಮಾಡಲು ಹೇಳಿದರೆ ಅದು ರೋಲ್‌ಪ್ಲೇ ಆಟವೇ ಅಲ್ಲ, ಕೂಡಲೇ ಹೊರಬನ್ನಿ. ಇನ್ನು ಬ್ಲೂ ವೇಲ್ ವಿಷಯ: 2017ರಲ್ಲಿ ನಮ್ಮ ದೇಶದ ಹಲವು ಸಾವುಗಳನ್ನು ಅದರ ಹೆಸರಿಗೆ ಹಚ್ಚಲಾಗಿತ್ತು. ವರದಿಯಾದ ಪ್ರಕರಣಗಳನ್ನು ತಜ್ಞರ ಸಮಿತಿ ಪರಿಶೀಲಿಸಿದ್ದು, ಯಾವುದರಲ್ಲೂ ಆ ಆಟದ ಪಾತ್ರ ದೃಢಪಟ್ಟಿಲ್ಲ ಎಂದು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಲೋಕಸಭೆಗೆ ತಿಳಿಸಿತು.

"ದಾಳ ಇದೆ ಅಂದಮೇಲೆ ಜೂಜು."

ಹಾವು-ಏಣಿ ಆಟದಲ್ಲೂ ದಾಳ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ರೋಲ್‌ಪ್ಲೇ ಆಟದಲ್ಲಿ ಪಣವಿಲ್ಲ, ಗೆದ್ದವರೂ ಇಲ್ಲ.

"ಕತ್ತಲಲ್ಲಿ ಕೂತು ದೆವ್ವ ಕರೆಯುತ್ತಾರೆ."

ಕತ್ತಲು ವಾತಾವರಣಕ್ಕಾಗಿ. ದೆವ್ವ, ಅನ್ಯಗ್ರಹ ಜೀವಿ ಎಲ್ಲವೂ ಸೂತ್ರಧಾರರ ಟಿಪ್ಪಣಿ ಪುಸ್ತಕದಲ್ಲಿ ಇರುತ್ತವೆ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ, ಆದರೆ ಫಾರ್ವರ್ಡ್ ಹೇಳುವ ಕಡೆ ಅಲ್ಲ. ಪೋಷಕರು ನೋಡಬೇಕಾದ್ದು ಇವನ್ನು:

- ಯಾರ ಜೊತೆ ಆಡುತ್ತಿದ್ದಾರೆ? ಶಾಲೆಯ, ಓಣಿಯ ಗೆಳೆಯರೇ, ಅಥವಾ ಗುರುತಿಲ್ಲದ ದೊಡ್ಡವರೇ? ಅಪರಿಚಿತರು ಫೋಟೊ, ವಿಳಾಸ, ಶಾಲೆಯ ಹೆಸರು ಕೇಳಿದರೆ ಎಚ್ಚರ.
- ವಯಸ್ಸು. ಡಿಸ್ಕಾರ್ಡ್ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು. ಹಾರರ್ ಕಥೆಗಳಲ್ಲಿ ಹೆಚ್ಚಿನವು ದೊಡ್ಡವರಿಗೆ ಬರೆದವು. ಚಿಕ್ಕ ಮಕ್ಕಳಿಗೆ ಸಾಹಸದ, ತಮಾಷೆಯ ಕಥೆಗಳೇ ಬೇರೆ ಇವೆ.
- ನಿದ್ದೆ. ತಡರಾತ್ರಿಯ ಆಟ, ಬೆಳಿಗ್ಗೆಯ ಕಾಲೇಜು ಎರಡೂ ಒಟ್ಟಿಗೆ ಸಾಗುವುದಿಲ್ಲ. ಮುಗಿಸುವ ಹೊತ್ತು ಮೊದಲೇ ನಿಗದಿಯಾಗಲಿ.
- ಲಿಂಕ್ ಮತ್ತು ಒಟಿಪಿ. ದಾಳ ಉರುಳಿಸಲು ಬ್ಯಾಂಕಿನ ಒಟಿಪಿ ಯಾರೂ ಕೇಳುವುದಿಲ್ಲ. ಪ್ಲೇಸ್ಟೋರ್‌ನಲ್ಲಿ ಇಲ್ಲದ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ.
- ಬದಲಾವಣೆ. ಮಗು ಊಟ, ಗೆಳೆಯರು, ನಗು ಎಲ್ಲದರಿಂದ ದೂರವಾಗುತ್ತಿದ್ದರೆ ಆಟದ ಹೆಸರು ಹುಡುಕುತ್ತಾ ಕೂರಬೇಡಿ. ಮಗುವಿನ ಜೊತೆ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ.

ತಪ್ಪು ಕಾರಣ ಹೇಳುವ ಫಾರ್ವರ್ಡ್ ಮಾಡುವ ಕೆಡುಕು ಇದೇ. ಆಟ ನಿಲ್ಲಿಸಿದೆವು, ಇನ್ನು ಎಲ್ಲ ಸರಿ ಎಂದು ಮನೆಯವರು ಸುಮ್ಮನಾಗುತ್ತಾರೆ. ಮಗುವನ್ನು ನಿಜಕ್ಕೂ ಕಾಡುತ್ತಿದ್ದದ್ದು ಹಾಗೇ ಉಳಿಯುತ್ತದೆ. ಜೊತೆಗೆ, ವಾರಕ್ಕೊಮ್ಮೆ ಮನಬಿಚ್ಚಿ ಮಾತಾಡುತ್ತಿದ್ದ ನಾಲ್ಕು ಗೆಳೆಯರೂ ದೂರವಾಗುತ್ತಾರೆ.

ಫಾರ್ವರ್ಡ್ ಮಾಡುವ ಮೊದಲು

ಆಟವೊಂದರ ಬಗ್ಗೆ ಭಯಾನಕ ಸಂದೇಶ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಆಟದ ಹೆಸರು ಇದೆಯೇ? ಘಟನೆ ಯಾವ ಊರು, ಯಾವ ದಿನ ಎಂದು ಇದೆಯೇ? ಪೊಲೀಸರೋ ವೈದ್ಯರೋ ಹೇಳಿದ್ದು ಎಂದಿದ್ದರೆ ಯಾರು, ಎಲ್ಲಿ ಹೇಳಿದರು? ಕೊನೆಯಲ್ಲಿ "ಎಲ್ಲರಿಗೂ ಕಳುಹಿಸಿ" ಎಂಬ ಒತ್ತಾಯ ಬಿಟ್ಟರೆ ಬೇರೆ ಮಾಹಿತಿ ಏನಿದೆ? ನಾಲ್ಕಕ್ಕೂ ಉತ್ತರ ಸಿಗದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.

ಮಗ ಅಥವಾ ಮಗಳು ಈ ಆಟ ಆಡುತ್ತಿದ್ದರೆ, ಒಂದು ಶನಿವಾರ ಪಕ್ಕದಲ್ಲಿ ಕೂತು ಕೇಳಿ. ಹಡಗಿನ ಕಂಪ್ಯೂಟರಿನ ಪಾತ್ರ ಖಾಲಿ ಇದ್ದರೆ ನಿಮ್ಮನ್ನೂ ಸೇರಿಸಿಕೊಂಡಾರು.